ಮತ್ತೆ ನೆನಪು ಅಳಿಸಿದರಾ?

ಕೊರಿಯನ್ ಫ್ಯಾಂಟಸಿ ಪ್ರೇಮಕಥೆಗಳಲ್ಲಿ ವಿಧಿಗೆ ಬೇರೆ ಕೆಲಸವೇ ಇಲ್ವಾ? 2016ರಲ್ಲಿ ಶುರುವಾದ ‘ಗಾಬ್ಲಿನ್’ ಧಾರಾವಾಹಿ ನೋಡಿ. ಕೊರಿಯಾದ ಹಳೆಯ ಗೊರ್ಯೊ ರಾಜವಂಶದ ಕಾಲದ ಸೇನಾಪತಿ ಕಿಮ್ ಶಿನ್, ಎದೆಗೆ ನೆಟ್ಟ ಕತ್ತಿ ಹೊತ್ತುಕೊಂಡೇ 900ಕ್ಕೂ ಜಾಸ್ತಿ ವರ್ಷ ಬದುಕಿದವನು. ಅದನ್ನು ಕೀಳಬಲ್ಲವಳು ಅವನ ವಧು ಉನ್-ತಕ್ ಮಾತ್ರ. ಕಿತ್ತರೆ ಅವನೇ ಇಲ್ಲ! ಹೋಗಲಿ, ಒಪ್ಪಿಕೊಂಡೆ. ಆದರೆ ಅವನು ಮಾಯವಾದ ಮೇಲೆ ಉನ್-ತಕ್ ಮನಸ್ಸಿನಿಂದ ಅವನ ನೆನಪನ್ನೂ ಅಳಿಸಬೇಕಿತ್ತಾ? ಮರೆತುಬಿಡ್ತೀನಿ ಅನ್ನೋ ಭಯಕ್ಕೆ ಅಳುತ್ತಾ ನೋಟ್‌ಬುಕ್ಕಿನಲ್ಲಿ ಅವನ ಹೆಸರು ಗೀಚುತ್ತಾಳೆ, ಪಾಪ. 9 ವರ್ಷ ಕಳೆದು ಅವನು ಬಂದ, ಮದುವೆಯೂ ಆಯ್ತು. ಅಬ್ಬಾ ಅನ್ನುವಷ್ಟರಲ್ಲಿ ಇಳಿಜಾರಿನಲ್ಲಿ ಡ್ರೈವರ್ ಇಲ್ಲದ ಲಾರಿ! ಮಕ್ಕಳನ್ನು ಉಳಿಸಲು ಹೋಗಿ ಅವಳೇ ಸತ್ತಳು. ಇಷ್ಟೆಲ್ಲ ಗೋಳು ಹೊಯ್ಕೊಳ್ಳೋದು ಯಾಕ್ರೀ? ಸತ್ತವರು ಬದುಕಿದ್ದಾಗಿನದ್ದೆಲ್ಲ ಮರೆಯಲಿ ಅಂತ ಯಮದೂತ ಕೊಡುವ ಟೀಯನ್ನು ಅವಳು ಕುಡಿಯಲಿಲ್ಲವಲ್ಲ, ಭೇಷ್.