ಈ ಮಣ್ಣು ಎಲ್ಲಿಂದ ತಂದದ್ದು?

2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಮ್ಮ ಕರಾವಳಿಯ ಕೋಣಗಳ ಓಟ, ಕಂಬಳ, ಆಯಿತಲ್ಲ, ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಊರು ಬಿಟ್ಟು ನಮ್ಮ ಜೊತೆ ಇರುವ ಅವರು ಓಟದ ಕೋಣ ನೋಡದೆ ಬಹಳ ವರ್ಷ ಆಗಿತ್ತು. ಲಾರಿಯಲ್ಲಿ ಘಾಟಿ ಹತ್ತಿ ಬಂದ ಕೋಣಗಳು. ಓಡಿಸುವವರೂ ನಮ್ಮ ಕಡೆಯವರೇ. ಅಪ್ಪನ ಕಣ್ಣು ತುಂಬಿ ಬಂತು. ಸ್ವಲ್ಪ ಹೊತ್ತು ಕರೆಯನ್ನೇ, ಅಂದರೆ ಆ ಕೆಸರಿನ ಓಟದ ದಾರಿಯನ್ನೇ, ನೋಡುತ್ತಾ ನಿಂತರು. ಆಮೇಲೆ ಕೇಳಿದರು: "ಈ ಮಣ್ಣು ಎಲ್ಲಿಂದ ತಂದದ್ದು? ನಾಳೆ ಇದನ್ನು ಏನು ಮಾಡ್ತಾರೆ?"

ಅಪ್ಪ ಕಂಡ ಕಂಬಳದಲ್ಲಿ ನಾಳೆಯ ಕೆಲಸ ಗೊತ್ತಿರುತ್ತಿತ್ತು. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಕೊಯ್ಲು ಮುಗಿದು ಮುಂದಿನ ಬೆಳೆಗೆ ಗದ್ದೆ ಹದ ಮಾಡುವ ಹೊತ್ತಿಗೆ ಕಂಬಳ. ಗುತ್ತಿನ ಮನೆಯ, ಅಂದರೆ ಊರಿನ ಹಿರಿಯ ಮನೆತನದ, ದೊಡ್ಡ ಗದ್ದೆಗೆ ಕೋಣಗಳು ಇಳಿಯುತ್ತಿದ್ದವು. ದೈವಕ್ಕೆ ಸಲ್ಲಬೇಕಾದ್ದು ಸಲ್ಲುತ್ತಿತ್ತು. ಕೆಲವು ಕಡೆ ಗದ್ದೆಯ ನಡುವೆ ಹೂವಿನಿಂದ ಸಿಂಗರಿಸಿದ ಪೂಕರೆ ಕಂಬ ನೆಡುತ್ತಿದ್ದರು. ಆಮೇಲೆ ಅದೇ ಕೆಸರಲ್ಲಿ ಬೇಸಾಯ.

ಹಾಗಂತ ಊರಲ್ಲಿ ಈಗಲೂ ಎಲ್ಲಾ ಹಾಗೇ ಇದೆ ಅಂದರೆ ಸುಳ್ಳಾಗುತ್ತದೆ. ಮಿಯ್ಯಾರು, ಮೂಡುಬಿದಿರೆಯಂಥ ಜೋಡುಕರೆ (ಅಕ್ಕಪಕ್ಕ ಎರಡು ಕರೆಗಳಿರುವ) ಕಂಬಳಗಳು ನಡೆಯುವುದು ಓಟಕ್ಕೆಂದೇ ಮಾಡಿದ ಕರೆಗಳಲ್ಲಿ. ರಾತ್ರಿಯಿಡೀ ಫ್ಲಡ್‌ಲೈಟ್ ಇರುತ್ತದೆ. ಅವನ್ನು ನಾನು ನಕಲಿ ಅನ್ನಲಾರೆ. ವರ್ಷಪೂರ್ತಿ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ ಕೋಣ ಸಾಕುವ ಮನೆಗಳು ಆ ಸುತ್ತಮುತ್ತಲೇ ಇವೆ. ನೇಗಿಲು, ಹಗ್ಗ, ಅಡ್ಡಹಲಗೆ, ಕೆನೆಹಲಗೆ ಅನ್ನುವ ಓಟದ ವಿಭಾಗಗಳು ಅಂದರೇನು ಅಂತ ಅಲ್ಲಿನ ಮಕ್ಕಳಿಗೆ ಯಾರೂ ಪಾಠ ಮಾಡಬೇಕಿಲ್ಲ.

ಹಳೆಯದೆಲ್ಲಾ ಹಾಗೇ ಉಳಿಯಬೇಕು ಅನ್ನುವವರ ಜೊತೆಗೂ ನಾನಿಲ್ಲ. ಕರಾವಳಿಯ ಬುಡಕಟ್ಟಿನವರಾದ ಕೊರಗರನ್ನು ಕೀಳಾಗಿ ಕಂಡು ಅವರಿಂದ ಮಾಡಿಸುತ್ತಿದ್ದ ಅಜಲು ಸೇವೆಯೂ ಹಳೆಯದೇ. ಅದನ್ನು ನಿಲ್ಲಿಸಲು 2000ದಲ್ಲಿ ಕಾನೂನೇ ಬರಬೇಕಾಯಿತು. ಅದು ಹೋಗಲೇಬೇಕಿತ್ತು.

ಆದರೆ ಜಾಗದ ವಿಷಯ ಬೇರೆ. 2020ರಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ದೇಶವೇ ಅವರನ್ನು ಉಸೇನ್ ಬೋಲ್ಟ್ ಜೊತೆ ಹೋಲಿಸಿತು, ಟ್ರ್ಯಾಕ್ ಓಟದ ಟ್ರಯಲ್‌ಗೆ ಬನ್ನಿ ಅಂತ ಆಹ್ವಾನವೂ ಬಂತು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿ ಊರಿ ಓಡುತ್ತೇವೆ, ಟ್ರ್ಯಾಕ್‌ನಲ್ಲಿ ಕಾಲ್ಬೆರಳ ಮೇಲೆ ಓಡಬೇಕು, ಎರಡೂ ಬೇರೆ ಅಂದರು. ಮುಂದೆ ಎಳೆಯುವ ಕೋಣ, ಕಾಲಡಿಯ ಕೆಸರು, ಇವೆರಡನ್ನೂ ಬಿಟ್ಟು ಆ ಓಟವನ್ನು ಅಳೆಯುವುದು ಹೇಗೆ?

ಜಲ್ಲಿಕಟ್ಟು, ಎತ್ತಿನ ಓಟಗಳನ್ನು ನಿಷೇಧಿಸಿದ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳ ನಿಂತೇ ಹೋಗುತ್ತದೆ ಅಂತ ಭಯಪಟ್ಟಿದ್ದೆವು. 2023ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಕಂಬಳಕ್ಕೆ ಅವಕಾಶ ಕೊಡುವ ರಾಜ್ಯದ ತಿದ್ದುಪಡಿ ಕಾನೂನನ್ನು ಎತ್ತಿಹಿಡಿಯಿತು. ಈಗ ಪ್ರವಾಸಿಗರನ್ನು ಸೆಳೆಯುವ ಮಾತು ಜಾಸ್ತಿ ಕೇಳುತ್ತಿದೆ. ಸೆಳೆಯಿರಿ, ಖಂಡಿತ. ಆದರೆ ಕೋಣಗಳನ್ನು ಘಾಟಿ ಹತ್ತಿಸುವ ಬದಲು ಜನರನ್ನು ಘಾಟಿ ಇಳಿಸಿ. ಕಂಬಳದ ದಿನ ಹತ್ತಿರದ ಪೇಟೆಯಿಂದ ಬಸ್ಸು ಬಿಡಿ. ಹೆಂಗಸರಿಗೆ ಸರಿಯಾದ ಶೌಚಾಲಯ ಕಟ್ಟಿ. ಪ್ರವಾಸಿಗರಿಂದ ಬರುವ ಹಣದಲ್ಲಿ ಒಂದು ಪಾಲು ಇನ್ನೂ ಭತ್ತ ಬೆಳೆಯುವ ಕಂಬಳದ ಗದ್ದೆಗಳಿಗೆ ಹೋಗಲಿ. ಗದ್ದೆ ಅಡಿಕೆ ತೋಟವೋ ಸೈಟೋ ಆದಮೇಲೆ ತೋರಿಸಲು ಏನು ಉಳಿಯುತ್ತದೆ?

ಈ ಸಲ ಅಪ್ಪನ ಜೊತೆ ಊರಿನ ಗದ್ದೆ ಕಂಬಳಕ್ಕೆ ಹೋಗುತ್ತಿದ್ದೇನೆ. ಬರುವವರಿದ್ದರೆ ಬನ್ನಿ, ಬೆಳಗ್ಗೆ ಬೇಗ ಬನ್ನಿ. ಕೋಣಗಳನ್ನು ಸಿಂಗರಿಸಿ ವಾದ್ಯದ ಜೊತೆ ಗದ್ದೆಗೆ ಕರೆತರುವುದನ್ನು ನೋಡಬೇಕು. ಸಾಧ್ಯವಾದರೆ ಮರುದಿನವೂ ಉಳಿಯಿರಿ.