ಜೋಕು ಬೀಳೋಕೂ ಒಂದು ಜಾಗ ಬೇಕು

ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡ್ತೀನಿ ಅಂದರೆ ದಾವಣಗೆರೆಯಲ್ಲಿ ಮೊದಲು ಬರೋದು ಆರ್ಡರು: 'ಎಲ್ಲಿ, ಒಂದು ಜೋಕು ಹೇಳು ನೋಡೋಣ.' ಆಮೇಲೆ ಪ್ರಶ್ನೆ: 'ಅದು ಸರಿ, ಕೆಲಸ ಏನ್ ಮಾಡ್ತೀಯಾ?' ಮದುವೆ ಪಂಕ್ತಿಯಲ್ಲಿ ಕೂತು, ಎಲೆಗೆ ಅನ್ನ ಬೀಳುತ್ತಿರುವಾಗ ಜೋಕು ಹೇಳಿ ಗೆದ್ದವರನ್ನು ನಾನಂತೂ ಇನ್ನೂ ನೋಡಿಲ್ಲ.

ಇತ್ತೀಚೆಗೆ ನಮ್ಮೂರಿನ ಕಾಲೇಜು ಹುಡುಗರು ಮೆಸೇಜ್ ಮಾಡ್ತಾರೆ. 'ಅಣ್ಣಾ, ಇದರಲ್ಲಿ ಲೈಫ್ ಇದೆಯಾ?' ಅವರು ನೋಡಿರೋದು ರೀಲ್ಸ್. ಒಂದು ನಿಮಿಷ, ಹಾಲ್ ತುಂಬಾ ನಗು. ಅದರ ಹಿಂದೆ ಅದೇ ಜೋಕು ಎಷ್ಟು ರಾತ್ರಿ ಸತ್ತು ಬಿದ್ದಿತ್ತು ಅಂತ ಯಾರೂ ಅಪ್‌ಲೋಡ್ ಮಾಡಲ್ಲ. ನಾನು ಹೇಳೋದು ಇಷ್ಟೇ: ನೀವು ತಮಾಷೆಯ ಮನುಷ್ಯರೋ ಅಲ್ಲವೋ, ಅದು ಆಮೇಲೆ. ವಾರಕ್ಕೆ ಎಷ್ಟು ಸಲ ನಿಮಗೆ ಮೈಕು ಸಿಗುತ್ತೆ? ಅದನ್ನು ಮೊದಲು ನೋಡಿ.

ಬೆಂಗಳೂರಿನಲ್ಲಿ ಓಪನ್ ಮೈಕ್ ಅಂತ ನಡೆಯುತ್ತೆ. ಒಬ್ಬೊಬ್ಬರಿಗೆ ನಾಲ್ಕೈದು ನಿಮಿಷ. ದುಡ್ಡು ಸಿಗಲ್ಲ. ಎದುರಿಗೆ ಕೂತವರಲ್ಲಿ ಅರ್ಧಕ್ಕರ್ಧ ತಮ್ಮ ಸರದಿ ಕಾಯುತ್ತಿರುವ ಕಾಮಿಡಿಯನ್‌ಗಳೇ. ಅವರು ನಗಲ್ಲ, ಫೋನಿನಲ್ಲಿ ತಮ್ಮ ಜೋಕು ಓದಿಕೊಳ್ಳುತ್ತಿರುತ್ತಾರೆ. ಸೆಟಪ್, ಅಂದ್ರೆ ನಗು ಬರೋಕೆ ಮುಂಚಿನ ಪೀಠಿಕೆ, ಉದ್ದ ಆಯ್ತು ಅಂತ ನಿನ್ನೆ ಗೊತ್ತಾದರೆ ಇವತ್ತು ಇನ್ನೊಂದು ಕಡೆ ಹೋಗಿ ಎರಡು ಪದ ತೆಗೆದು ನೋಡಬೇಕು. ಹೀಗೆ ತಿಕ್ಕಿ ತಿಕ್ಕಿ ಒಂದು ಗಂಟೆಯ ಶೋ ಆಗೋಕೆ ವರ್ಷ, ಎರಡು ವರ್ಷ ಬೇಕು. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಐದು ನಿಮಿಷದ ಸ್ಪಾಟ್‌ಗೆ ಹೋಗೋಕೆ ಅರ್ಧ ದಿನ, ಬರೋಕೆ ರಾತ್ರಿ ಬಸ್ಸು. ಬೆಳಿಗ್ಗೆ ಪಿ.ಬಿ. ರಸ್ತೆಯಲ್ಲಿ ಇಳಿದು ಕಣ್ಣುಜ್ಜಿಕೊಂಡು ಡ್ಯೂಟಿಗೆ. ಎಷ್ಟು ದಿನ ನಡೆಯುತ್ತೆ? ಕೊನೆಗೆ ಊರು ಬಿಡ್ತಾರೆ, ಇಲ್ಲಾ ಕಾಮಿಡಿ ಬಿಡ್ತಾರೆ.

ನನಗೆ ಹೊಟ್ಟೆ ಉರಿಯೋದು ಇಲ್ಲೇ. ಯಾಕಂದ್ರೆ ಇದು ನಗೋಕೆ ಬರದ ಊರಲ್ಲ. ಚಿಂದೋಡಿ ಮನೆತನದ ಕೆಬಿಆರ್ ಡ್ರಾಮಾ ಕಂಪನಿಯ ಊರು ಇದು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ನಾಟಕದ ಟೆಂಟುಗಳು ಏಳುತ್ತವೆ. ಹಾಸ್ಯ ಸಾಹಿತಿ ಬೀಚಿಯವರು ಹುಟ್ಟಿದ ಹರಪನಹಳ್ಳಿ 1997ರಿಂದ 2018ರವರೆಗೆ ನಮ್ಮ ಜಿಲ್ಲೆಯಲ್ಲೇ ಇತ್ತು. ಈಗ ವಿಜಯನಗರಕ್ಕೆ ಹೋಗಿದೆ, ಆದರೂ ಬೀಚಿ ನಮ್ಮವರೇ ಅಂತ ನಾನು ಜಗಳ ಆಡ್ತೀನಿ.

ಕಂಪನಿ ನಾಟಕದ ಹಾಸ್ಯ ಪಾತ್ರಧಾರಿಗಳನ್ನು ನೋಡಿ. ಒಂದು ಊರಲ್ಲಿ ಕ್ಯಾಂಪ್ ಹಾಕಿದರೆ ಅದೇ ನಾಟಕ ವಾರಗಟ್ಟಲೆ. ಇವತ್ತು ಸೋತ ಮಾತು ನಾಳೆ ಇರಲ್ಲ. ನಾಳೆ ಚಪ್ಪಾಳೆ ಬಿದ್ದ ಮಾತು ನಾಡಿದ್ದು ಇನ್ನಷ್ಟು ಬೆಳೆಯುತ್ತೆ. ಸ್ಥಳೀಯ ಬಸ್‌ಸ್ಟ್ಯಾಂಡು, ಅಲ್ಲಿನ ಗುಂಡಿ ರಸ್ತೆ ಎಲ್ಲ ಸಂಭಾಷಣೆಯೊಳಗೆ ನುಸುಳುತ್ತೆ. ಬೆಂಗಳೂರಿನ ಹುಡುಗರು ಈಗ ಕ್ರೌಡ್ ವರ್ಕ್ ಅಂತ ಕರೆಯೋದನ್ನು, ಅಂದ್ರೆ ಎದುರು ಕೂತವರ ಜೊತೆ ಮಾತಿಗೆ ಮಾತು ಕೊಡೋದನ್ನು, ಇವರು ಟೆಂಟಿನಲ್ಲಿ ಮೊದಲಿಂದಲೂ ಮಾಡ್ತಾ ಬಂದಿದ್ದಾರೆ. ಹಿಂದಿನ ಸಾಲಿನಿಂದ ಒಬ್ಬ ಕೂಗಿದರೆ, ಪಾತ್ರ ಬಿಡದೆ ಅವನಿಗೆ ಉತ್ತರ ಕೊಡೋದು ಸುಮ್ನೆ ಮಾತಲ್ಲ. ಎಲ್ಲ ಜೋಕೂ ಒಳ್ಳೆಯವಲ್ಲ, ಡಬಲ್ ಮೀನಿಂಗ್ ಜಾಸ್ತಿ, ಒಪ್ಪುತ್ತೇನೆ. ಆದರೆ ಪ್ರತಿ ರಾತ್ರಿ ಸೋತು ಕಲಿಯುವ ಅವಕಾಶ ಅವರಿಗಿತ್ತು. ನಮಗೆ ಇಲ್ಲಿ ಅದಿಲ್ಲ.

ಈಗ ಇಲ್ಲಿ ಉಳಿದಿರೋದು ಹಾಸ್ಯ ಸಂಜೆ. ಗಣೇಶೋತ್ಸವ, ರಾಜ್ಯೋತ್ಸವ, ಯಾವುದೋ ಸಂಘದ ವಾರ್ಷಿಕೋತ್ಸವ. ಗಂಗಾವತಿ ಪ್ರಾಣೇಶ್ ಅಂಥವರು ಬಂದರೆ ಮೈದಾನ ತುಂಬುತ್ತೆ. ಅವರ ಮಾತು ಬಾಯಿಪಾಠ ಆಗಿರೋ ಜನರೂ ಎದುರು ಕೂತು ಹೊಟ್ಟೆ ಹಿಡ್ಕೊಂಡು ನಗ್ತಾರೆ. ಆ ಪ್ರೀತಿ ನಮಗಿಲ್ಲ. ಸ್ಟ್ಯಾಂಡ್‌ಅಪ್ ನೋಡೋರು 'ಇದು ಯೂಟ್ಯೂಬಲ್ಲಿ ನೋಡಿದೀವಿ, ಹೊಸದು ಇಲ್ವಾ?' ಅಂತಾರೆ. ಒಂದು ವಿಡಿಯೋ ಓಡಿದರೆ ಹೆಸರು ಬರುತ್ತೆ, ಒಂದು ವರ್ಷದ ಸರಕು ಅಲ್ಲಿಗೆ ಖಾಲಿ.

ಇನ್ನು ಹಾಸ್ಯ ಸಂಜೆಯ ಮೊದಲ ಸಾಲು! ಅಲ್ಲಿ ಸೋಫಾ. ಸೋಫಾದ ಮೇಲೆ ಮುಖ್ಯ ಅತಿಥಿ. ದೀಪ, ಶಾಲು, ಹಾರ, ಐದು ಜನರ ಭಾಷಣ ಮುಗಿದ ಮೇಲೆ ನಮ್ಮ ಕೈಗೆ ಮೈಕು. ಜೋಕು ಹೇಳಿದ ತಕ್ಷಣ ಜನ ನನ್ನನ್ನು ನೋಡಲ್ಲ, ಅತಿಥಿಯ ಬೆನ್ನು ನೋಡ್ತಾರೆ. ಅದು ಅಲುಗಾಡಿದರೆ ಮೈದಾನ ನಗುತ್ತೆ. ಸಂಘಟಕರು ಮೊದಲೇ ಕಿವಿಯಲ್ಲಿ ಹೇಳಿರ್ತಾರೆ: 'ಮಠದ ವಿಷಯ ಬೇಡ, ಜಾತಿ ಬೇಡ, ರಾಜಕೀಯ ಬೇಡ, ಕೊನೆಗೆ ಒಂದು ಸಂದೇಶ ಇರಲಿ.' ಉಳಿಯೋದು ಹೆಂಡತಿ ಜೋಕು. ಪಾಪ, ಕನ್ನಡದ ಹೆಂಡತಿಯರು ಎಷ್ಟು ಅಂತ ಹೊರಬೇಕು? ಮಾಸ್ಟರ್ ಹಿರಣ್ಣಯ್ಯ ರಂಗದ ಮೇಲೆ ನಿಂತು ರಾಜಕಾರಣಿಗಳನ್ನು ಬೈದರು, ಕೋರ್ಟಿಗೂ ಅಲೆದರು. 2021ರ ಜನವರಿಯಲ್ಲಿ ಇಂದೋರ್‌ನಲ್ಲಿ ಸ್ಟ್ಯಾಂಡ್‌ಅಪ್ ಕಾಮಿಡಿಯನ್ ಮುನವ್ವರ್ ಫಾರೂಕಿ, ಧರ್ಮದ ಮೇಲೆ ಜೋಕು ಅನ್ನೋ ಆರೋಪಕ್ಕೆ ಜೈಲಿಗೆ ಹೋದರು. ಸುಪ್ರೀಂ ಕೋರ್ಟ್ ಜಾಮೀನು ಕೊಡೋ ಹೊತ್ತಿಗೆ ಒಂದು ತಿಂಗಳು ದಾಟಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಅವರ ಬೆಂಗಳೂರಿನ ಶೋ ಕೂಡ ರದ್ದಾಯಿತು. ಇದೆಲ್ಲ ಗೊತ್ತಿದ್ದೂ ನಮ್ಮ ಸಂಘಟಕರು ಹೆದರಿದರೆ ನನಗೆ ಸಿಟ್ಟು ಬರಲ್ಲ. ಬೇಜಾರಾಗುತ್ತೆ ಅಷ್ಟೇ.

ದುಡ್ಡಿನ ಮಾತು ಬೇಗ ಮುಗಿಸ್ತೀನಿ. ಅನ್ನ ಕೊಡೋದು ಕಾರ್ಪೊರೇಟ್ ಶೋಗಳು. ಊಟದ ಕೌಂಟರ್ ಪಕ್ಕ ಸ್ಟೇಜು, ತಟ್ಟೆ ಸದ್ದಿನ ಮಧ್ಯೆ ಪಂಚ್‌ಲೈನ್. ಕಾಲೇಜು ಫೆಸ್ಟಿನವರು ಚೆನ್ನಾಗಿ ನಗ್ತಾರೆ, ಪೇಮೆಂಟ್ ಕೇಳಿದರೆ 'ಪ್ರಿನ್ಸಿಪಾಲ್ ಸೈನ್ ಆಗಬೇಕು ಸರ್' ಅಂತಾರೆ. ಒಂದು ಕಾಲೇಜಿನಲ್ಲಿ ಆ ಸೈನ್ ಇವತ್ತಿಗೂ ಆಗಿಲ್ಲ.

ಹಾಗಾದ್ರೆ ಯಾಕೆ ಬಿಟ್ಟಿಲ್ಲ? ಬೆಂಗಳೂರಿನಲ್ಲಿ ದಾವಣಗೆರೆಯವನು ಅಂದ ಕೂಡಲೇ ಜನ ಬೆಣ್ಣೆ ದೋಸೆ ಜೋಕಿಗೆ ಕಾಯ್ತಾರೆ. ಅದನ್ನು ಕೊಡದೆ, ನಮ್ಮಪ್ಪ ತಾನು ಕೆಲಸ ಮಾಡ್ತಿದ್ದ ಮಿಲ್ಲು ಮುಚ್ಚಿದ ಮೇಲೂ ಸೈರನ್ ಹೊತ್ತಿಗೇ ಏಳುತ್ತಿದ್ದ ಕಥೆ ಹೇಳಿದೆ. ಮೊದಲು ಹಾಲ್ ತಣ್ಣಗಾಯಿತು. ಆಮೇಲೆ ಒಂದು ಮೂಲೆಯಿಂದ ಒಬ್ಬರು, ಪಕ್ಕದಿಂದ ಇನ್ನೊಬ್ಬರು, ಕೊನೆಗೆ ಎಲ್ಲರೂ ನಕ್ಕರು. ಅಪ್ಪನನ್ನು ಅಲ್ಲ, ಅಪ್ಪನ ಜೊತೆ. ಆ ಅರ್ಧ ನಿಮಿಷಕ್ಕೆ ಯಾವ ಸಂಬಳವೂ ಸಮ ಅಲ್ಲ. ಅದೇ ಕಥೆ ದಾವಣಗೆರೆಯಲ್ಲಿ ಹೇಳಬೇಕು ಅಂತ ಆಸೆ. ಇಲ್ಲಿ ಅದು ಬೀಳಬಹುದು. ಮಿಲ್ಲಿನ ಮನೆಗಳವರೇ ಎದುರು ಕೂತಿರ್ತಾರಲ್ವಾ, ಸುಳ್ಳು ಒಂದು ಚೂರು ಸೇರಿದರೂ ಹಿಡೀತಾರೆ.

ಅದಕ್ಕೇ ಕೇಳ್ತಿದೀನಿ. ವಿದ್ಯಾನಗರ, ಪಿ.ಜೆ. ಬಡಾವಣೆ, ಎಂಸಿಸಿ ಬಿ ಬ್ಲಾಕ್ ಕಡೆ ಯಾರದ್ದಾದರೂ ಕೆಫೆಯ ಮಹಡಿ ವಾರದ ಮಧ್ಯೆ ರಾತ್ರಿ ಖಾಲಿ ಇದ್ದರೆ ತಿಳಿಸಿ. ಮೂವತ್ತು ಕುರ್ಚಿ ಸಾಕು. ಮೈಕು, ಸ್ಪೀಕರ್ ನಾನು ತರ್ತೀನಿ. ಮೆಸೇಜ್ ಮಾಡಿದ ಹುಡುಗರೆಲ್ಲ ಐದೈದು ನಿಮಿಷ ಬರ್ಕೊಂಡು ಬನ್ನಿ. ಮೊದಮೊದಲು ಚೆನ್ನಾಗಿರಲ್ಲ, ಅದಕ್ಕೆ ಟಿಕೆಟ್ ಇಡಲ್ಲ. ಟೀ ದುಡ್ಡು ಮಾತ್ರ ಅವರವರದ್ದು.