ಭಾವನ ಹೆಬ್ಬೆರಳು

ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಭಾವ ಒಂದು ಜಾಹೀರಾತು ಹಾಕಿದರು. ಲಕ್ಷದ್ವೀಪಕ್ಕೆ ಹೊಸ ವಿಮಾನ ಮಾರ್ಗ, ಮೂರು ದಿನ ಎರಡು ರಾತ್ರಿ, ಸ್ಕೂಬಾ ಡೈವಿಂಗ್ ಸೇರಿ. ಕೆಳಗೆ ಸಣ್ಣ ಅಕ್ಷರದಲ್ಲಿ 'ಈಜು ಬರಬೇಕಾಗಿಲ್ಲ'. ಅದಕ್ಕೂ ಕೆಳಗೆ, ಕಣ್ಣು ಕಿರಿದು ಮಾಡಿ ಓದಿದರೆ, 'ಚಿತ್ರ ಸಾಂಕೇತಿಕ'. ಚಿತ್ರದಲ್ಲಿ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಸಾಲು ಸಾಲು ಮರದ ಮನೆ. ಅದು ಮಾಲ್ಡೀವ್ಸ್.

ಹೋಗಲಿ ಬಿಡಿ, ಇದೇನು ಹೊಸದಲ್ಲ. 2024ರ ಜನವರಿ ನೆನಪಿದೆಯಲ್ಲ? ಪ್ರಧಾನಿಯವರು ಲಕ್ಷದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡಿದ ಫೋಟೋ ಬಂತು, ಮಾಲ್ಡೀವ್ಸಿನ ಮೂವರು ಉಪಮಂತ್ರಿಗಳು ಅವರ ಬಗ್ಗೆ ಬಾಯಿಗೆ ಬಂದದ್ದು ಬರೆದು ಸಸ್ಪೆಂಡ್ ಆದರು, ಅಲ್ಲಿಯವರೆಗೆ ಲಕ್ಷದ್ವೀಪ ಅರಬ್ಬಿ ಸಮುದ್ರದಲ್ಲಿದೆಯೋ ಬಂಗಾಳ ಕೊಲ್ಲಿಯಲ್ಲಿದೆಯೋ ಗೊತ್ತಿಲ್ಲದವರೆಲ್ಲ ರಾತ್ರೋರಾತ್ರಿ ಹವಳದ ತಜ್ಞರಾದರು. 'ನಮ್ಮ ದ್ವೀಪಗಳನ್ನೇ ನೋಡೋಣ' ಅಂತ ಒಬ್ಬ ದೊಡ್ಡ ನಟ ಹಾಕಿದ ಫೋಟೋ ಕೂಡ ಮಾಲ್ಡೀವ್ಸಿನದೇ ಆಗಿತ್ತು. ಆಮೇಲೆ ಅಳಿಸಿದರು ಪಾಪ. ಲಕ್ಷದ್ವೀಪವನ್ನು ಹುಡುಕುವವರು 3,400% ಜಾಸ್ತಿಯಾಗಿದ್ದಾರೆ ಅಂತ ಒಂದು ಬುಕಿಂಗ್ ಕಂಪನಿ ಹೆಮ್ಮೆಯಿಂದ ಹೇಳಿಕೊಂಡಿತು. ಮೊದಲು ಎಷ್ಟಿದ್ದರು ಅಂತ ಯಾರೂ ಕೇಳಲಿಲ್ಲ. ಮಾರ್ಚ್ 31ಕ್ಕೆ ಬೆಂಗಳೂರಿನಿಂದ ಲಕ್ಷದ್ವೀಪದ ಅಗತ್ತಿಗೆ ನೇರ ವಿಮಾನ ಹಾರಿಯೇ ಬಿಟ್ಟಿತು. 78 ಸೀಟಿನ ಎಟಿಆರ್ ಅನ್ನೋ ಸಣ್ಣ ವಿಮಾನ. ದೇಶಭಕ್ತಿಗೆ ಕಿಟಕಿ ಪಕ್ಕದ ಸೀಟು ಬೇಕಾದರೆ ಎಕ್ಸ್‌ಟ್ರಾ.

ಇತ್ತ 2025ರ ಜುಲೈನಲ್ಲಿ ಅದೇ ಪ್ರಧಾನಿಯವರು ಮಾಲ್ಡೀವ್ಸಿನ ರಾಜಧಾನಿ ಮಾಲೆಗೆ ಹೋಗಿ, ಅವರ 60ನೇ ಸ್ವಾತಂತ್ರ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ, 4,850 ಕೋಟಿ ರೂಪಾಯಿ ಸಾಲದ ನೆರವು ಘೋಷಿಸಿ ಬಂದರು. ಸರಿಯಾದ ಕೆಲಸವೇ, ಪಕ್ಕದ ದೇಶ ಅಲ್ವಾ. ಆದರೆ ನಮ್ಮ ಭಾವನ ಮಾಲ್ಡೀವ್ಸ್ ಬಹಿಷ್ಕಾರ ಮಾತ್ರ ಇನ್ನೂ ಜಾರಿಯಲ್ಲಿದೆ. ಅವರಿಗೆ ಯಾರೂ ಹೇಳಿಲ್ಲ.

ಭಾವ ಮೊದಲ ಬ್ಯಾಚಿನಲ್ಲೇ ಹೋಗಿ ಬಂದವರು. ಆ ವಿಡಿಯೋ ನಾನು ಕಡಿಮೆ ಅಂದರೂ ಆರು ಸಲ ನೋಡಿದ್ದೇನೆ. ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುವ ಹಾಗೆ ಇನ್‌ಸ್ಟ್ರಕ್ಟರ್ ಹುಡುಗ ಭಾವನ ಬೆನ್ನ ಮೇಲಿನ ಸಿಲಿಂಡರಿನ ಕತ್ತು ಹಿಡಿದಿದ್ದಾನೆ. ಕೆಳಗೆ ಬಿಳಿ ಮರಳು, ಹಳದಿ ಪಟ್ಟೆಯ ಮೀನು. ಭಾವನಿಗೆ ಸಂತೋಷ ತಡೆಯಲಾಗಲಿಲ್ಲ, ಕ್ಯಾಮೆರಾ ನೋಡಿ ಹೆಬ್ಬೆರಳು ಎತ್ತಿದರು. ನೀರಿನೊಳಗೆ ಹೆಬ್ಬೆರಳು ಎತ್ತಿದರೆ 'ಸೂಪರ್' ಅಂತಲ್ಲ, 'ಸಾಕು, ಮೇಲೆ ಹೋಗೋಣ' ಅಂತ. ಎಲ್ಲಾ ಸರಿಯಿದೆ ಅನ್ನೋಕೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಹುಡುಗ ನಿಯಮದ ಪ್ರಕಾರ ಮೇಲಕ್ಕೆ ಎಳೆದ. ಭಾವ ತಲೆ ಹೊರಗೆ ಹಾಕಿ 'ಯಾಕೆ?' ಅಂದರು. ಮತ್ತೆ ಇಳಿಸಿದ. ಆಮೆ ಕಂಡಿತು. ಮತ್ತೆ ಹೆಬ್ಬೆರಳು. ಮತ್ತೆ ಮೇಲೆ. ಒಟ್ಟು ನಾಲ್ಕು ಸಲ. ವಿಡಿಯೋದ ಅರ್ಧ ಭಾಗ ಬರೀ ಗುಳ್ಳೆ.

ಆ ಪ್ರವಾಸಕ್ಕೆ ಭಾವನ ತಾಯಿಯೂ ಹೋಗಿದ್ದರು. ಅಲ್ಲಿಗೆ ನಾವು ಸುಮ್ನೆ ಹೋಗೋ ಹಾಗಿಲ್ಲ, 1967ರ ನಿಯಮವಿದೆ, ಭಾರತೀಯರಿಗೂ ಪರ್ಮಿಟ್ ಬೇಕು. ಹಾಗಾಗಿ ಎಪ್ಪತ್ತೆರಡು ವರ್ಷದ ಅತ್ತೆ ಪೊಲೀಸ್ ಕ್ಲಿಯರೆನ್ಸಿಗೆ ಸ್ಟೇಷನ್ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತರು. 'ಹಿಂದೆ ಯಾವುದಾದರೂ ಕೇಸು ಇದೆಯಾ ಅಮ್ಮಾ?' ಅಂತ ಪೇದೆ ಕೇಳಿದ್ದಕ್ಕೆ, 'ನಿಮ್ಮ ಮಾವನವರು ಹಾಕಿದ ಜಮೀನಿನ ಕೇಸು ಇನ್ನೂ ಇದೆಯೇನೋ' ಅಂತ ಸೊಸೆಯ ಮುಖ ನೋಡಿದರಂತೆ. ಟಿಕೆಟ್ ಮೊದಲೇ ಬುಕ್ ಆಗಿತ್ತು, ರೀಫಂಡ್ ಇಲ್ಲದ್ದು. ಪರ್ಮಿಟ್ ಬಂದದ್ದು ಹೊರಡುವ ಹಿಂದಿನ ಸಂಜೆ. ಬಂಗಾರಂ ದ್ವೀಪ ಬಿಟ್ಟು ಬೇರೆಲ್ಲೂ ಮದ್ಯ ಇಲ್ಲ ಅನ್ನೋದು ಭಾವನಿಗೆ ಗೊತ್ತಾದದ್ದು ವಿಮಾನ ಇಳಿದ ಮೇಲೆ. ಅದರ ವಿಡಿಯೋ ಇಲ್ಲ.

ನನಗೆ ನಗು ಬರೋದು, ಹೀಗೆ ಹೋಗಿ ಬಂದವರು ಹೇಳುವ 'ಲಕ್ಷದ್ವೀಪ ಕಂಡುಹಿಡಿದೆವು' ಅನ್ನೋ ಮಾತಿಗೆ. ಅಲ್ಲಿಯ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಸ್ವಾಮಿ. ಅವರ ಕಲೆಕ್ಟರ್ ಕೂರುತ್ತಿದ್ದದ್ದು ಮಂಗಳೂರಿನಲ್ಲಿ. ಅಮಿನಿಯವರು ಕಣ್ಣೂರಿನ ಅರಸರ ಕಾಟ ತಾಳಲಾರದೆ ಟಿಪ್ಪುವಿನ ಹತ್ತಿರ ಬಂದಿದ್ದರು, ಆ ಕಥೆ ಬೇರೆ. ಹಾಯಿ ಹಡಗಿನಲ್ಲಿ ತೆಂಗಿನ ನಾರಿನ ಹುರಿ, ಕೊಬ್ಬರಿ ತಂದು ಅಕ್ಕಿ ಒಯ್ಯುತ್ತಿದ್ದ ಜನ. 1956ರ ನವೆಂಬರ್ 1ರಂದು ಮಂಗಳೂರು ಮೈಸೂರು ರಾಜ್ಯಕ್ಕೆ ಬಂತು, ಅದೇ ದಿನ ಈ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ನಾವು ಪ್ರತಿ ವರ್ಷ ಬಾವುಟ ಹಾರಿಸಿ ಲಾಡು ತಿನ್ನುತ್ತೇವೆ. ಅವತ್ತೇ ಐದು ದ್ವೀಪ ಕೈಬಿಟ್ಟು ಹೋದದ್ದು ನೆನೆಸಿಕೊಂಡು ಒಬ್ಬ ಓರಾಟಗಾರನೂ ಬಸ್ಸು ತಡೆದದ್ದು ನಾನಂತೂ ನೋಡಿಲ್ಲ.

2024ರ ಮೇ ತಿಂಗಳಲ್ಲಿ ಲಕ್ಷದ್ವೀಪದಿಂದ ಒಂದು ಹೈಸ್ಪೀಡ್ ಹಡಗು ಏಳು ಗಂಟೆಯಲ್ಲಿ ಮಂಗಳೂರಿಗೆ ಬಂತು, 160 ಜನರನ್ನು ಹೊತ್ತು. ಹಡಗಿನ ಹೆಸರು ಪರಳಿ. ಬಂಗಾರಂ ಪಕ್ಕದಲ್ಲಿ ಪರಳಿ-1 ಅಂತ ಒಂದು ಪುಟ್ಟ ದ್ವೀಪವೂ ಇತ್ತು. 1968ರಲ್ಲಿ ಸುಮಾರು ಎಂಟು ಎಕರೆ ಇದ್ದದ್ದು ಪೂರ್ತಿ ಕೊಚ್ಚಿಹೋಗಿದೆ ಅಂತ 2017ರಲ್ಲಿ ಸುದ್ದಿಯಾಯಿತು. ಹೆಸರಾದರೂ ತೇಲುತ್ತಿದೆ, ಸಂತೋಷ.

ತಮಾಷೆ ಸಾಕು. ಇಡೀ ಲಕ್ಷದ್ವೀಪ ಅಂದರೆ 32 ಚದರ ಕಿಲೋಮೀಟರ್ ನೆಲ. 2011ರ ಜನಗಣತಿಯಲ್ಲೇ 64 ಸಾವಿರ ಜನ. ಮರಳಿನ ಕೆಳಗೆ ಮಳೆನೀರು ನಿಂತ ತೆಳ್ಳನೆಯ ಪದರ, ಜಾಸ್ತಿ ಎತ್ತಿದರೆ ಬಾವಿಗೆ ಉಪ್ಪು ನುಗ್ಗುತ್ತದೆ. ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಹಾಕಿಕೊಂಡು ಬದುಕುವ ಊರಿಗೆ ನಾವು ಎರಡು ಹೊತ್ತು ಶವರ್ ಬೇಕು ಅಂತ ಹೋಗುತ್ತೇವೆ. ಹವಳ ಇದ್ದರೆ ದ್ವೀಪ, ಹವಳ ಸತ್ತರೆ ಅಲೆ ತಡೆಯೋಕೆ ಏನೂ ಇಲ್ಲ. ಆ ಹವಳ ಸಮುದ್ರದ ಬಿಸಿಗೆ 1998ರಲ್ಲಿ ಬೆಳ್ಳಗಾಯಿತು, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ. ಅಂದರೆ ನಾವು ವಿಮಾನ ಬಿಟ್ಟ ವರ್ಷವೇ. ಯಾವ ಜಾಹೀರಾತಿನಲ್ಲಾದರೂ ಇದು ಬಂತಾ? ಕೊಚ್ಚಿಯ ಆಸ್ಪತ್ರೆಗೆ ಹೋಗಬೇಕಾದವರು, ಕಾಲೇಜಿಗೆ ಹೋಗುವ ಮಕ್ಕಳು ಹಡಗಿನ ಟಿಕೆಟ್ ಸಿಗದೆ ದಿನಗಟ್ಟಲೆ ಕಾಯುತ್ತಾರೆ, ಹಡಗು ಕಡಿಮೆ ಮಾಡಿದ್ದಾರೆ ಅಂತ ವರ್ಷಗಳಿಂದ ಗೋಗರೆಯುತ್ತಿದ್ದಾರೆ. ಅವರ ಊರಿಗೆ ನಮ್ಮ ರೀಲ್ಸ್ ಎರಡೇ ಗಂಟೆಯಲ್ಲಿ ತಲುಪುತ್ತದೆ. ಇದನ್ನು ಸಂಪರ್ಕ ಕ್ರಾಂತಿ ಅಂತ ಕರೆಯಬೇಕಂತೆ. ಯಾರಿಗೆ ಯಾರ ಸಂಪರ್ಕ?

ಇರಲಿ. ಭಾವನ ಜಾಹೀರಾತಿಗೆ ಬರೋಣ. ಮೂರನೇ ದಿನದ ಕಾರ್ಯಕ್ರಮ ಹೀಗಿತ್ತು: ಬೆಳಿಗ್ಗೆ ಏಳಕ್ಕೆ ಡೈವಿಂಗ್, ತಿಂಡಿ, ಮಧ್ಯಾಹ್ನ ವಿಮಾನ. ನಾನು ಕೂತು ಉದ್ದಕ್ಕೆ ಟೈಪ್ ಮಾಡಿದೆ. 'ಭಾವ, ಆಳದಲ್ಲಿ ಒತ್ತಡಕ್ಕೆ ನೈಟ್ರೋಜನ್ ರಕ್ತದಲ್ಲಿ ಕರಗಿರುತ್ತದೆ, ತಕ್ಷಣ ವಿಮಾನ ಹತ್ತಿದರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳಬಹುದು, ಒಂದೇ ಡೈವ್ ಆದರೂ ಕನಿಷ್ಠ 12 ಗಂಟೆ ಬಿಡಬೇಕು, ಒಂದಕ್ಕಿಂತ ಜಾಸ್ತಿ ಆದರೆ 18, ಆ ಪ್ಯಾಕೇಜಿನವರನ್ನು ಕೇಳಿ, ಹನ್ನೊಂದು ಜನ ಹೋಗ್ತಿದ್ದೀವಿ, ಅತ್ತೆಯೂ ಇದ್ದಾರೆ.'

ಎರಡು ನೀಲಿ ಗೆರೆ ಬಂತು. ಒಂದು ನಿಮಿಷ 'ಟೈಪಿಂಗ್' ಅಂತ ತೋರಿಸಿತು. ಆಮೇಲೆ ಭಾವ ಕಳಿಸಿದರು, ಬರೀ ಒಂದು ಹೆಬ್ಬೆರಳು.